ನಾಗಪುರದಿಂದ ದೆಹಲಿಯವರೆಗೆ

ಕಾಯಿಲೆಯವರ ಬಾಯಿಗೆ ಹಿಡಿಸುವುದು ಮೆಂತ್ಯದ ಹಿಟ್ಟೊಂದೇ ಎಂದು ನಂಬಿದ್ದ ಅಮ್ಮ, ಜನ್ನಾಪುರದ ನಮ್ಮ ಮನೆಯಲ್ಲಿ ಒಂದು ಮಧ್ಯಾಹ್ನವಿಡೀ ಬೇಳೆಗಳನ್ನು ಹುರಿದು, ಪುಡಿ ಮಾಡಿಸಿ, ಸ್ಟೀಲಿನ ಡಬ್ಬಿಗೆ ತುಂಬಿ, ಮುಚ್ಚಳ ಸಡಿಲವಾಗದಂತೆ ಬಟ್ಟೆ ಕಟ್ಟಿದಳು. ದೆಹಲಿಯಲ್ಲಿ ನನ್ನ ಅಕ್ಕ ಸುಧಾ ಕಾಮಾಲೆಯಾಗಿ ಆಸ್ಪತ್ರೆ ಸೇರಿದ್ದಳು. ಭಾವನಿಗೆ ಅಲ್ಲಿ ಸರ್ಕಾರಿ ಕಚೇರಿಯಲ್ಲಿ ಕೆಲಸ. ಮದುವೆಯಾದ ಇಪ್ಪತ್ತು ವರ್ಷಗಳಲ್ಲಿ ಅಕ್ಕ ಊರಿಗೆ ಬಂದದ್ದು ಬೆರಳೆಣಿಕೆಯಷ್ಟು ಸಲ. ಅಮ್ಮ ಅಲ್ಲಿಗೆ ಹೋದದ್ದು ಒಮ್ಮೆಯೂ ಇಲ್ಲ.

"ವಿಮಾನದಲ್ಲಿ ಹೋಗೋಣಮ್ಮ" ಎಂದೆ.

"ಹಾರೋದೆಲ್ಲ ಬೇಡ ಮಾರಾಯ. ರೈಲಲ್ಲೇ ಹೋಗೋಣ. ಅಷ್ಟರಲ್ಲಿ ಅವಳೇನು ಎಲ್ಲಿಗಾದ್ರೂ ಹೋಗ್ತಾಳಾ?"

ಭದ್ರಾವತಿಯಲ್ಲಿ ಬೆಳಗಿನ ರೈಲು ಹತ್ತಿ, ಬೆಂಗಳೂರಿನಲ್ಲಿ ಇಳಿದು, ಸಂಜೆ ರಾಜಧಾನಿ ಎಕ್ಸ್‌ಪ್ರೆಸ್ ಹಿಡಿದೆವು. ನಮ್ಮಂಥ ಊರಿನವರಿಗೆ ರಾಜಧಾನಿಯೆಂದರೆ ದೆಹಲಿಗಿಂತ ಮೊದಲು ನೆನಪಾಗುವುದು ಆ ರೈಲೇ.

ಮರುದಿನ ಮಧ್ಯಾಹ್ನ ನಾಗಪುರ ದಾಟಿದ ಮೇಲೆ ಭಾವನ ಫೋನು ಬಂತು. ಬೋಗಿಯ ಬಾಗಿಲ ಬಳಿ ಹೋಗಿ ಕೇಳಿಸಿಕೊಂಡೆ. "ಹೋಗ್ಬಿಟ್ಲು ಕಣೋ" ಎಂದರು.

ಸೀಟಿಗೆ ಮರಳಿದಾಗ ಅಮ್ಮ ಕೇಳಿದಳು: "ಸುಧಾ ಹೇಗಿದಾಳಂತೆ?"

"ಮಲಗಿದಾಳಂತೆ."

ಆ ಸುಳ್ಳನ್ನು ನಾನು ಕರುಣೆಯೆಂದೇ ತಿಳಿದಿದ್ದೆ. ಓಡುವ ರೈಲಿನಲ್ಲಿ ಹೇಳಿ ಮಾಡುವುದೇನು? ಅಳುವುದಕ್ಕೂ ಒಂದು ಮನೆ, ಒರಗಲು ಒಂದು ಗೋಡೆ ಬೇಕಲ್ಲವೇ? ಅಪರಿಚಿತರ ಎದುರು ಅವಳ ಸಂಕಟವನ್ನು ಹರವಿಡುವುದಕ್ಕಿಂತ, ಇನ್ನೊಂದು ದಿನ ಮಗಳು ಅವಳ ಪಾಲಿಗೆ ಬದುಕಿರಲಿ ಎಂದುಕೊಂಡೆ. ನೀವಾಗಿದ್ದರೂ ಬಹುಶಃ ಹೀಗೆಯೇ ಯೋಚಿಸುತ್ತಿದ್ದಿರಿ.

ಊಟವಾದ ಮೇಲೆ ಕೊಟ್ಟ ಐಸ್‌ಕ್ರೀಮನ್ನು ಅಮ್ಮ ಮರದ ಚಮಚದಲ್ಲಿ ಕೆರೆದು ಕೆರೆದು ತಿಂದಳು. "ಸುಧಾಗೆ ಇದಂದ್ರೆ ಪ್ರಾಣ. ಹುಷಾರಾದ್ಮೇಲೆ ಕೊಡ್ಸೋಣ" ಎಂದು ನಕ್ಕಳು. ನಾನು ಕಿಟಕಿಯತ್ತ ತಿರುಗಿದೆ.

ಬೆಳಗ್ಗೆ, ದೆಹಲಿಗೆ ಇನ್ನೊಂದು ಗಂಟೆಯಿದೆ ಎನ್ನುವಾಗ, ಅವಳ ಕೈಹಿಡಿದು ಹೇಳಿದೆ. ಅಮ್ಮ ಅಳಲಿಲ್ಲ.

"ಯಾವಾಗ?"

"ನಿನ್ನೆ ಮಧ್ಯಾಹ್ನ."

"ಅಂದ್ರೆ ನಾನು ಐಸ್‌ಕ್ರೀಮ್ ತಿನ್ನೋವಾಗ ನಿಂಗೆ ಗೊತ್ತಿತ್ತು."

ಮಗಳು ಹೋದ ದಿನ ತಾಯಿಯನ್ನು ನಗಲು ಬಿಟ್ಟು ಸುಮ್ಮನೆ ಕುಳಿತಿದ್ದವನು ನಾನು. ದುಃಖ ಅವಳದು, ಅದು ಯಾವಾಗ ಅವಳನ್ನು ತಲುಪಬೇಕೆಂದು ನಿರ್ಧರಿಸುವ ಅಧಿಕಾರ ನನಗೆ ಯಾರು ಕೊಟ್ಟಿದ್ದರು? ಕಾರ್ಯಗಳನ್ನೆಲ್ಲ ಮುಗಿಸಿ ಹಿಂತಿರುಗುವಾಗ ಅಮ್ಮ ದಾರಿಯುದ್ದಕ್ಕೂ ನನ್ನೊಡನೆ ಅಗತ್ಯಕ್ಕೆ ಮಾತ್ರ ಮಾತಾಡಿದಳು. ಊಟದ ತಟ್ಟೆಯನ್ನು ಮುಟ್ಟಲಿಲ್ಲ.

ಕಳೆದ ತಿಂಗಳು ಶಿವಮೊಗ್ಗದಲ್ಲಿ ಅಮ್ಮನ ತಂಗಿ ತೀರಿಕೊಂಡ ಸುದ್ದಿ ಬಂದಾಗ, ಅಮ್ಮ ಊಟಕ್ಕೆ ಕುಳಿತು ಮೊದಲ ತುತ್ತು ಕಲಸುತ್ತಿದ್ದಳು. ಉಂಡು ಏಳಲಿ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಪಕ್ಕದಲ್ಲಿ ಕುಳಿತು ಹೇಳಿಬಿಟ್ಟೆ. ಎದ್ದು ಕೈ ತೊಳೆದು ಬಂದವಳು ಒದ್ದೆ ಕೈಯನ್ನೇ ನನ್ನ ಭುಜದ ಮೇಲಿಟ್ಟಳು. "ನಡಿ, ಬಸ್ಸು ಸಿಗುತ್ತಾ ನೋಡೋಣ."

ತುಂಬಿದ ಬಸ್ಸಿನಲ್ಲಿ, ಅಷ್ಟು ಜನರ ನಡುವೆ ನಿಂತೇ, ಅಮ್ಮ ಜೋರಾಗಿ ಅತ್ತಳು. ಯಾರೂ ಏನೂ ಕೇಳಲಿಲ್ಲ. ಒಬ್ಬಾಕೆ ಎದ್ದು, ಕಿಟಕಿಯ ಪಕ್ಕದ ಜಾಗವನ್ನು ಬಿಟ್ಟುಕೊಟ್ಟಳು.