ಕುದಿಸಿದ ಸ್ವೆಟರ್

ದೊಡ್ಡ ಸಿಸ್ಟರ್ ಅವರ ಬಲಗೈ ಹೆಬ್ಬೆರಳ ಬುಡದಲ್ಲಿ ಒಂದು ಸುಟ್ಟ ಕಲೆಯಿತ್ತು. ಗಾಜಿನ ಸಿರಿಂಜು ಕುದಿಸುವ ಡಬ್ಬಿಯ ಮುಚ್ಚಳ ತಗುಲಿ ಆದದ್ದು. ಇಂಜೆಕ್ಷನ್ ಎಂದರೆ ಅಳುವ ಮಕ್ಕಳಿಗೆ ಅದನ್ನೇ ತೋರಿಸಿ, "ನೋಡು, ನಂಗೆ ಎಷ್ಟು ದೊಡ್ಡ ಗಾಯ ಆಗಿತ್ತು, ನಾನು ಅತ್ನಾ?" ಎನ್ನುತ್ತಿದ್ದರು. ಮಗು ಕಲೆ ಮುಟ್ಟಿ ನೋಡುವಷ್ಟರಲ್ಲಿ ಸೂಜಿ ಒಳಗೆ ಹೋಗಿ ಹೊರಗೆ ಬಂದಿರುತ್ತಿತ್ತು.

ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ಒಂದು ಸಣ್ಣ ನರ್ಸಿಂಗ್ ಹೋಮಿಗೆ ನಾನು ಕೆಲಸಕ್ಕೆ ಸೇರಿದಾಗ ಅವರು ಅಲ್ಲಿನ ಹಿರಿಯ ನರ್ಸ್. ನಾವೆಲ್ಲ ದೊಡ್ಡ ಸಿಸ್ಟರ್ ಎನ್ನುತ್ತಿದ್ದೆವು. ಹೇರೋಹಳ್ಳಿಯ ಒಕ್ಕಲು ಮನೆತನದವರು. ಹೆಣ್ಣುಮಗಳು ಕಂಡವರ ಮೈ ಮುಟ್ಟುವ ಕೆಲಸಕ್ಕೆ ಹೋದಳೆಂದು ಅಣ್ಣಂದಿರು ಮಾತು ಬಿಟ್ಟಿದ್ದರು. ಮದುವೆಯಾಗಿರಲಿಲ್ಲ. ನಮ್ಮಲ್ಲಿಗೆ ಬರುವ ಮೊದಲು ಹತ್ತು ವರ್ಷ ಕ್ಷಯದ ವಾರ್ಡಿನಲ್ಲಿ ದುಡಿದಿದ್ದರು. ಬಾಯಿ ಬಹಳ ಜೋರು. ಹಾಸಿಗೆಯ ಮೇಲೆ ಒಂದು ಸುಕ್ಕು ಕಂಡರೆ, "ಇದ್ರ ಮೇಲೆ ನೀನು ಮಲ್ಕೋತೀಯೇನೇ?" ಎಂದು ದುಪ್ಪಟಿ ಕಿತ್ತೆಳೆಯುತ್ತಿದ್ದರು. ಮಧ್ಯಾಹ್ನ ಮಾತ್ರ ನನ್ನ ಡಬ್ಬಿಗೆ ಕೈ ಹಾಕಿ ಅರ್ಧ ರೊಟ್ಟಿ ಮುರಿದುಕೊಳ್ಳುವಷ್ಟು ಸಲಿಗೆ. ನಮ್ಮದು ದಾವಣಗೆರೆ ಕಡೆಯಿಂದ ಬಂದ ಲಿಂಗಾಯತರ ಮನೆ. ಅಮ್ಮನ ಜೋಳದ ರೊಟ್ಟಿ ಎಂದರೆ ಅವರಿಗೆ ಪ್ರಾಣ.

ಇಂಗ್ಲೆಂಡಿನ ಆಸ್ಪತ್ರೆಯೊಂದಕ್ಕೆ ನರ್ಸುಗಳು ಬೇಕೆಂಬ ಜಾಹೀರಾತನ್ನು ಪೇಪರಿನಿಂದ ಕತ್ತರಿಸಿ ತಂದವರು ಅವರೇ. ಇಬ್ಬರೂ ಅರ್ಜಿ ಹಾಕಿದೆವು. "ಅಲ್ಲಿ ನರ್ಸ್ ಅಂದ್ರೆ ಮರ್ಯಾದೆ ಕೊಡ್ತಾರಂತೆ ಕಣೇ" ಎಂದರು. ಅಂದೇ ಮೆರೂನ್ ಉಲ್ಲನ್ ಕೊಂಡು ತಂದು, ತಮ್ಮ ಅಳತೆಗೊಂದು ಸ್ವೆಟರ್ ಹೆಣೆಯಲು ಕೂತರು.

ಹೊರಡುವ ಮುನ್ನ ಇಬ್ಬರೂ ಎದೆಯ ಎಕ್ಸ್-ರೇ ಕೊಡಬೇಕಿತ್ತು. ಕೊರಳಲ್ಲಿರುವುದನ್ನೆಲ್ಲ ತೆಗೆಯಿರಿ ಎಂದರು ಎಕ್ಸ್-ರೇಯವರು. ನಾನು ಸರ ತೆಗೆದೆ. ಇಷ್ಟಲಿಂಗವನ್ನು ತೆಗೆಯಲಾಗಲಿಲ್ಲ, ಅದನ್ನು ಮೈಯಿಂದ ಎಂದೂ ಬೇರೆ ಮಾಡುವುದಿಲ್ಲವೆಂದು ಅಜ್ಜಿಗೆ ಮಾತು ಕೊಟ್ಟಿದ್ದೆ. ಬಟ್ಟೆಯಲ್ಲಿ ಸುತ್ತಿದ್ದ ಲಿಂಗವನ್ನು ಗೌನಿನೊಳಗೇ ಬೆನ್ನ ಹಿಂದಕ್ಕೆ ಸರಿಸಿ ನಿಂತುಬಿಟ್ಟೆ. ಬೆನ್ನಿಗೆ ಹಾಕಿದ್ದೂ ಫಿಲ್ಮಿನಲ್ಲಿ ಮೂಡುತ್ತದೆಂದು ನರ್ಸಿಂಗ್ ಓದಿದವಳಿಗೆ ಹೊಳೆಯಲಿಲ್ಲ! ವರದಿ ಬಂತು: ಬಲ ಶ್ವಾಸಕೋಶದಲ್ಲಿ ಗುಂಡನೆಯ ನೆರಳು, ಕ್ಷಯದ ಅನುಮಾನ. ಇಂಗ್ಲೆಂಡ್ ಹಾಗಿರಲಿ, ಮನೆಯಲ್ಲೇ ನನ್ನ ತಟ್ಟೆ ಲೋಟ ಬೇರೆಯಾದವು. ಅಮ್ಮ ಅಳುತ್ತಲೇ ಅವನ್ನು ಬಚ್ಚಲಿನ ಗೂಡಿನಲ್ಲಿಟ್ಟಳು.

ಅದೇ ವಾರ ದೊಡ್ಡ ಸಿಸ್ಟರ್ ಕೂಡ ನನ್ನ ಡಬ್ಬಿಗೆ ಕೈ ಹಾಕುವುದನ್ನು ಬಿಟ್ಟರು. ಕಾಲು ನೋವೆಂದು ಹೇಳಿ ವಾರ್ಡಿನ ಕೆಲಸ ಬಿಟ್ಟು ಸ್ಟೋರ್ ರೂಮು ಸೇರಿಕೊಂಡರು, ಊಟವನ್ನೂ ಅಲ್ಲೇ ಒಬ್ಬರೇ ಮಾಡತೊಡಗಿದರು. ಕ್ಷಯರೋಗಿಗಳ ಬಾಯಿಗೆ ಗಂಜಿ ಹಾಕಿದವರು ನನ್ನನ್ನು ಕಂಡು ಹೇಸುತ್ತಾರಲ್ಲ ಎಂದು ನನಗೆ ಸಿಟ್ಟು ಬಂತು.

ಒಂದು ದಿನ ನನ್ನ ಫಿಲ್ಮ್ ತರಿಸಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು.

"ಅಂಚು ನೋಡು, ಎಷ್ಟು ನುಣ್ಣಗಿದೆ. ರೋಗ ಹಿಂಗೆ ಗುಂಡಗೆ ಕೂರಲ್ಲ ಕಣೇ. ಆವತ್ತು ಮೈಮೇಲೆ ಏನಿತ್ತು?"

ಹೇಳಿದೆ. ನಗುತ್ತಾರೆಂದುಕೊಂಡಿದ್ದೆ, ರೇಗಿದರು.

"ತೆಗ್ದಿಡೋಕೆ ಏನೇ ದಾಡಿ ನಿಂಗೆ?"

"ಅಜ್ಜಿಗೆ ಮಾತು ಕೊಟ್ಟಿದೀನಿ ಸಿಸ್ಟರ್."

ಫಿಲ್ಮನ್ನು ಅದರ ಕಂದು ಕವರಿಗೆ ಸೇರಿಸುತ್ತ ಕೇಳಿದರು: "ಪೂಜೆ ಮಾಡುವಾಗ ಎಲ್ಲಿ ಇಟ್ಕೋತೀಯಾ?"

"ಎಡಗೈಲಿ."

"ಹಂಗಾದ್ರೆ ಅಲ್ಲೇ ಇಟ್ಕೊಂಡು ನಿಂತ್ಕೋ. ಕೈ ಸೊಂಟದ ಹತ್ರ ಇರತ್ತೆ, ಎದೆಗೆ ಅಡ್ಡ ಬರಲ್ಲ."

ಮರುದಿನ ತಾವೇ ಎಕ್ಸ್-ರೇ ತೆಗೆಯುವಲ್ಲಿಗೆ ಕರೆದುಕೊಂಡು ಹೋಗಿ, ನಡೆದದ್ದನ್ನು ಅಲ್ಲಿನ ಡಾಕ್ಟರಿಗೆ ವಿವರಿಸಿ, ಇನ್ನೊಂದು ಫಿಲ್ಮ್ ತೆಗೆಯಲು ಒಪ್ಪಿಸಿದರು. ಲಿಂಗವನ್ನು ಎಡ ಮುಷ್ಟಿಯಲ್ಲಿ ಹಿಡಿದು ನಿಂತೆ. ಈ ಸಲ ನೆರಳಿರಲಿಲ್ಲ. ನಾನು ಬಾಗಿಲಲ್ಲೇ ಅತ್ತುಬಿಟ್ಟೆ. ಅವರ ಕಂಕುಳಲ್ಲಿ ನನ್ನ ಫಿಲ್ಮ್ ಇದ್ದಂಥದೇ ಇನ್ನೊಂದು ಕಂದು ಕವರಿತ್ತು. ಯಾರದೆಂದು ಕೇಳಿದರೆ, "ಪೇಷಂಟ್ ಒಬ್ರದು" ಎಂದರು. ಬಸ್ಸಿನಲ್ಲಿ ನನ್ನ ಪಕ್ಕ ಜಾಗವಿದ್ದರೂ ಹಿಂದೆ ಹೋಗಿ ಕೂತು, ಸೆರಗನ್ನು ಬಾಯಿಗೊತ್ತಿಕೊಂಡು ಕಿಟಕಿಯಾಚೆ ಮುಖ ಮಾಡಿದರು.

ನನ್ನ ಕಾಗದಪತ್ರಗಳು ಬಂದವು. ಅವರದು ಬರಲಿಲ್ಲ. "ವಯಸ್ಸಿನ ತಕರಾರು ಕಣೇ, ಮುಂದಿನ ಸಲ ನೋಡೋಣ" ಎಂದರು. ನನಗೆ ರೋಗವಿಲ್ಲವೆಂದು ಗೊತ್ತಾದ ಮೇಲೂ ನನ್ನ ರೊಟ್ಟಿ ಮುಟ್ಟಲಿಲ್ಲ. ಹೊಟ್ಟೆಕಿಚ್ಚು ಎಂದುಕೊಂಡೆ. ಜೊತೆಯ ನರ್ಸ್ ಒಬ್ಬಳ ಮುಂದೆ ಅದನ್ನು ಆಡಿಯೂ ಆಡಿದೆ. ಅವಳು ಏನೋ ಹೇಳಲು ಹೋಗಿ, ಟ್ರೇ ಎತ್ತಿಕೊಂಡು ವಾರ್ಡಿಗೆ ಹೊರಟಳು.

ನಾನು ಹೊರಡುವ ಹಿಂದಿನ ದಿನ ಮನೆಗೆ ಬಂದರು. ಅಮ್ಮ ಎಷ್ಟು ಕರೆದರೂ ಒಳಗೆ ಬಾರದೆ, ಬಾಗಿಲಾಚೆಯೇ ನಿಂತು ಒಂದು ಪೊಟ್ಟಣ ಚಾಚಿದರು. ಮೆರೂನ್ ಸ್ವೆಟರ್. ಗಟ್ಟಿಯಾಗಿ, ಮುದುಡಿ, ಚಿಕ್ಕದಾಗಿತ್ತು.

"ಎರಡು ಸಲ ಕುದ್ಸಿದೀನಿ, ಹೆದರ್ದೆ ಹಾಕ್ಕೋ. ಕುಗ್ಗಿದೆ, ನಿಂಗೆ ಸರಿಹೋಗತ್ತೆ."

ಉಲ್ಲನ್ನನ್ನು ಯಾರಾದರೂ ಕುದಿಸುತ್ತಾರೆಯೇ! ಎಲ್ಲ ತಿಳಿದವರು ಹೀಗೇಕೆ ಮಾಡಿದರೆಂದು ಯೋಚಿಸುವಷ್ಟೂ ಪುರುಸೊತ್ತು ನನಗಿರಲಿಲ್ಲ. ಕಾಲು ಮುಟ್ಟಲು ಬಗ್ಗಿದೆ. ಎರಡು ಹೆಜ್ಜೆ ಹಿಂದೆ ಸರಿದರು. "ಹೋಗ್ಬಾ. ಅಲ್ಲೂ ಹಾಸಿಗೆ ಸುಕ್ಕಿಲ್ದೆ ಹಾಸು" ಎಂದು ಹೇಳಿ ಹೊರಟುಹೋದರು.

ಒಂದು ವರ್ಷದ ಮೇಲೆ, ಇಂಗ್ಲೆಂಡಿನ ನನ್ನ ಹಾಸ್ಟೆಲಿಗೆ ಆ ಜೊತೆಯ ನರ್ಸ್ ಬರೆದ ಕಾಗದ ಬಂತು. ದೊಡ್ಡ ಸಿಸ್ಟರ್ ತೀರಿಕೊಂಡಿದ್ದರು. ಕ್ಷಯ. ಯಾವ ಔಷಧಿಯೂ ನಾಟಲಿಲ್ಲವಂತೆ. ನನ್ನ ಜೊತೆಗೇ ತೆಗೆಸಿದ ಅವರ ಮೊದಲ ಎಕ್ಸ್-ರೇಯಲ್ಲೇ ರೋಗ ಕಂಡಿತ್ತು. ಅಂದು ಕಂಕುಳಲ್ಲಿದ್ದ ಕವರು ಅವರದೇ. "ಹೊರಡೋವರ್ಗೂ ಅವಳಿಗೆ ಹೇಳ್ಬೇಡ. ಗೊತ್ತಾದ್ರೆ ಆ ಹುಡುಗಿ ನನ್ನ ಬಿಟ್ಟು ಹೋಗಲ್ಲ" ಎಂದು ಆಕೆಯಿಂದ ಆಣೆ ಮಾಡಿಸಿಕೊಂಡಿದ್ದರಂತೆ.

ಆ ದಿನ ಸ್ವೆಟರ್ ಹಾಕಿಕೊಂಡೇ ಆಸ್ಪತ್ರೆಯವರೆಗೆ ನಡೆದು ಹೋದೆ. ಡ್ಯೂಟಿಯ ಮೊದಲ ಹಾಸಿಗೆಯನ್ನು ಸುಕ್ಕು ಹೋಗಲೆಂದು ಮೂರು ಸಲ ಹಾಸಬೇಕಾಯಿತು. ಅಲ್ಲಿ ದುಡಿದಷ್ಟು ವರ್ಷವೂ ಒಂದೇ ಪ್ರಶ್ನೆ ನನ್ನನ್ನು ಕಾಡಿತು. ಗೊತ್ತಾಗಿದ್ದರೆ ನಾನು ನಿಲ್ಲುತ್ತಿದ್ದೆನೇ? ಇಲ್ಲ. ಟಿಕೆಟ್ ಕೈಯಲ್ಲಿತ್ತು, ಅತ್ತು, ಕಣ್ಣೊರೆಸಿಕೊಂಡು, ಹೊರಟೇ ಬಿಡುತ್ತಿದ್ದೆ. ಇದನ್ನು ಅವರಿಗೆ ಹೇಳಬೇಕಿತ್ತು. ನಾನು ನಿಂತುಬಿಡುತ್ತೇನೆಂಬ ಹೆದರಿಕೆಯಲ್ಲಿ ಅವರು ರೋಗ ಬಚ್ಚಿಟ್ಟು, ಆ ಸ್ಟೋರ್ ರೂಮಿನಲ್ಲಿ ಒಬ್ಬರೇ ಉಂಡರು.