ಶನಿವಾರದ ಅಪ್ಪನ ಹಾಡು

ವಿಚ್ಛೇದನವಾದ ಮೇಲೆ ಮಗಳು ನನಗೆ ಸಿಗುವುದು ತಿಂಗಳಿಗೆ ಎರಡೇ ಶನಿವಾರ, ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ. ಅದರಲ್ಲೂ ಒಂದು ಗಂಟೆಯನ್ನು ಗಿಟಾರ್ ಕ್ಲಾಸು ನುಂಗಿಹಾಕುತ್ತಿತ್ತು. ತಪ್ಪಿಸಬಾರದೆಂದು ಅವಳ ಅಮ್ಮನ ಕಟ್ಟಪ್ಪಣೆ. ಕ್ಲಾಸು ಗಿಂಡಿ ಬಡಾವಣೆಯಲ್ಲಿ, ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿ. ಒಳಗೆ ಮೇಷ್ಟ್ರು, ಮಕ್ಕಳು, ಏಸಿ; ಹೊರಗೆ ಮೆಟ್ಟಿಲ ಮೇಲೆ ಚಪ್ಪಲಿಗಳ ಜೊತೆ ನಾನು. ಮೈಯೆಲ್ಲ ಉರಿಯುತ್ತಿತ್ತು. ಇರುವ ಏಳು ಗಂಟೆಗೂ ಕತ್ತರಿ ಹಾಕಬೇಕೇ?

ಈ ವರ್ಷ ಶಾಲೆ ಶುರುವಾದ ಮೇಲಿನ ಒಂದು ಶನಿವಾರ ಬಾಗಿಲಾಚೆಯಿಂದ ಮಗಳೊಬ್ಬಳದೇ ದನಿ ಕೇಳಿತು. ಹಳ್ಳಿಗಾಡಿನ ಧಾಟಿಯ ಒಂದು ಇಂಗ್ಲಿಷ್ ಹಾಡು. ಅದರಲ್ಲಿ ಹೆಂಡತಿಯಿಂದ ಬೇರೆಯಾದವನೊಬ್ಬ ವಾರಕ್ಕೊಮ್ಮೆ ಮಗುವನ್ನು ಕಂಡು, ಸಂಜೆ ಅದನ್ನು ಗೇಟಿನ ಹತ್ತಿರ ಬಿಟ್ಟು, ಖಾಲಿ ಗಾಡಿಯಲ್ಲಿ ಹಿಂದಿರುಗುತ್ತಾನೆ. ನನ್ನ ಹನ್ನೆರಡು ವರ್ಷದ ಮಗಳು ಆ ಅಪ್ಪನಾಗಿ ಹಾಡುತ್ತಿದ್ದಳು. ನನಗಾಗಿಯೇ ಆರಿಸಿದ್ದಾಳೆ ಎಂದುಕೊಂಡೆ. ಹಾಗೆಂದುಕೊಂಡು ಎಷ್ಟು ಸುಖಪಟ್ಟೆನೆಂದರೆ ಈಗ ನಾಚಿಕೆಯಾಗುತ್ತದೆ. ಎರಡು ವಾರ ಒಬ್ಬನೇ ಮನೆಯಲ್ಲಿ ಅದನ್ನೇ ಮೆಲುಕು ಹಾಕಿದೆ. ಅವಳ ಬಾಯಿಂದಲೇ ಕೇಳಬೇಕೆಂಬ ಹಟ ಹುಟ್ಟಿತು.

ಮುಂದಿನ ಭೇಟಿಯಲ್ಲಿ, ಕ್ಲಾಸು ಮುಗಿದ ಮೇಲೆ ಹತ್ತಿರದ ಪಾರ್ಕಿನ ಬೆಂಚಿನಲ್ಲಿ ಕೂತಾಗ ಕೇಳಿಯೇಬಿಟ್ಟೆ.

"ಆ ಹಾಡು ಯಾಕೆ ತಗೊಂಡೆ ಪುಟ್ಟಿ?"

"ಮೂಣೇ ಕಾರ್ಡುದಾಂಪ್ಪಾ. ಈಸಿ."

ಈ ತಮಿಳು ಊರಲ್ಲೇ ಬೆಳೆದ ಅವಳಿಗೆ ನನ್ನ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲೇ ಬರುತ್ತದೆ. ಗಿಟಾರಿನಲ್ಲಿ ಮೂರೇ ಕಾರ್ಡು, ಅಂದರೆ ಮೂರು ಬಗೆಯ ಬೆರಳ ಹಿಡಿತ ಕಲಿತರೆ ಸಾಕು, ಸುಲಭ. ನನ್ನ ಮುಖ ಪೆಚ್ಚಾಯಿತು. ಎರಡು ವಾರದ ಸುಖಕ್ಕೆ ಇದ್ದ ಆಧಾರ ಅಷ್ಟೇ.

ಅವಳು ಮಾತು ಮುಂದುವರಿಸಿದಳು. ಕ್ಲಾಸಿನ ಕಾರ್ಯಕ್ರಮ ಹತ್ತಿರ ಬಂದಿದೆಯಂತೆ, ಯಾರಾದರೊಬ್ಬರ ಎದುರು ಹಾಡಿ ರೂಢಿ ಮಾಡಿಕೊಳ್ಳಬೇಕಂತೆ. ಮನೆಯಲ್ಲಿ ಹಾಡುವಂತಿಲ್ಲ. ಎರಡನೇ ಸಾಲಿಗೇ ಅಮ್ಮ ಎದ್ದು ಅಡುಗೆಮನೆಗೆ ಹೋಗಿ ಅಳುತ್ತಾಳಂತೆ.

ಅವಳ ಅಮ್ಮನೂ ಅಳುತ್ತಾಳೆ ಎಂಬುದು ಈ ಐದು ವರ್ಷಗಳಲ್ಲಿ ನನಗೆ ಹೊಳೆದೇ ಇರಲಿಲ್ಲ. ಒಂಟಿತನವೆಲ್ಲ ನನ್ನೊಬ್ಬನ ಪಾಲಿಗೇ ಬಂದಿದೆ ಎಂದು ನಂಬಿದ್ದೆ.

"ನೀ ಅಳಮಾಟ್ಟೆಲ್ಲಪ್ಪಾ?" ಎಂದಳು ಮಗಳು. ನೀನು ಅಳುವುದಿಲ್ಲ ತಾನೇ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದಳು.

"ಇಲ್ಲ ಮರಿ. ನಾನ್ಯಾಕೆ ಅಳ್ಲಿ?" ಎಂದೆ.

ಅವಳು ನಿಶ್ಚಿಂತೆಯಿಂದ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡಳು. ರಸ್ತೆಯಲ್ಲಿ ಬಸ್ಸುಗಳು ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದವು. ನಾನು ಅವಳ ಬೆರಳುಗಳನ್ನಷ್ಟೇ ನೋಡುತ್ತ ಕೂತೆ. ಮುಖ ನೋಡಿದ್ದರೆ ಕೆಲಸ ಕೆಡುತ್ತಿತ್ತು. ಆ ಅಪ್ಪ ಗೇಟಿನಿಂದ ತಿರುಗಿ ಹೊರಡುವ ಸಾಲಿಗೆ ಹಲ್ಲು ಕಚ್ಚಿ ಹಿಡಿದೆ. ಒಂದೂ ತಪ್ಪಿಲ್ಲದೆ ಮುಗಿಸಿ, ಹೇಗಿತ್ತೆಂದು ಕೇಳಿದಳು. ಬಾಯಿ ಬಿಟ್ಟರೆ ಗುಟ್ಟು ರಟ್ಟಾಗುತ್ತಿತ್ತು. ಸುಮ್ಮನೆ ತಲೆಯಾಡಿಸಿದೆ.

ಕೊನೆಗೂ ಅಳದೆ ಕೇಳುವವರೊಬ್ಬರು ಸಿಕ್ಕರಲ್ಲ ಎಂದು ಅವಳಿಗೆ ಖುಷಿಯೋ ಖುಷಿ. ಇನ್ನೊಂದು ಸಲ ಕೇಳು ಎಂದು ಮೊದಲಿನಿಂದ ಶುರು ಮಾಡಿದಳು.