ಮಾವನ ಕೋವಿಗೆ ನನ್ನ ಭುಜ

ನಮ್ಮ ಮನೆಯಲ್ಲಿ ಒಂದು ಜೋಡಿ ನಳಿಗೆಯ ಕೋವಿ ಇದೆ. ಮಳವಳ್ಳಿ ಕಡೆಯ ನಮ್ಮೂರಿನಲ್ಲಿ ಕಬ್ಬಿನ ಗದ್ದೆಗೆ ಹಂದಿ ನುಗ್ಗುವುದು ಹೊಸ ಸುದ್ದಿಯಲ್ಲ. ಬೆಳೆ ಕಾಯಲೆಂದು ಸರ್ಕಾರ ಕೊಟ್ಟ ಲೈಸೆನ್ಸು ನಮ್ಮ ಮಾವನ ಹೆಸರಿನಲ್ಲಿತ್ತು. ಆ ಕೋವಿ ಒಂದು ಹಂದಿಯನ್ನಾದರೂ ಕೊಂದದ್ದನ್ನು ನಾನು ಕಾಣೆ. ಮಾವ ಆಕಾಶಕ್ಕೆ ಒಂದು ಈಡು ಹಾರಿಸುತ್ತಿದ್ದರು, ಹಂದಿಗಳು ಪಕ್ಕದವರ ಗದ್ದೆಗೆ ಹೋಗುತ್ತಿದ್ದವು, ಪಕ್ಕದವರು ಬೆಳಿಗ್ಗೆ ಎದ್ದು ಬಂದು ಜಗಳ ತೆಗೆಯುತ್ತಿದ್ದರು. ಅವರಪ್ಪನ ಕಾಲದ ಶಿಕಾರಿ ಕಥೆಗಳನ್ನು ಮಾತ್ರ ಮಾವ ಊಟದ ಹೊತ್ತಿನಲ್ಲಿ ಉಪ್ಪಿನಕಾಯಿಯ ಹಾಗೆ ತಪ್ಪದೆ ಬಡಿಸುತ್ತಿದ್ದರು. ಈಗ ಮೊಲ ಹೊಡೆದರೂ ಜೈಲು. ಹೊಸ ಬೇಟೆ ಇಲ್ಲದ್ದರಿಂದ ಹಳೆಯ ಹಂದಿಗಳೇ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿದ್ದವು.

ಮಾವನಿಗೆ ಆ ಕೋವಿ ಎಂದರೆ ಏನೆಂದು ತಿಳಿಯಬೇಕಾದರೆ ಎಲೆಕ್ಷನ್ ಬರಬೇಕು. ಎಲೆಕ್ಷನ್ ಮುಗಿಯುವವರೆಗೆ ಲೈಸೆನ್ಸಿನ ಕೋವಿಗಳನ್ನೆಲ್ಲ ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಬೇಕು. ಆಗ ಅವರು ಎತ್ತು ಮಾರಿ ಬಂದವರ ಹಾಗೆ ಜಗುಲಿಯ ಮೇಲೆ ಕೂರುತ್ತಿದ್ದರು. ಗೊಬ್ಬರ ತರುತ್ತೇನೆ, ಬೀಜ ನೋಡಿ ಬರುತ್ತೇನೆ ಎಂದು ನೆಪ ಹೇಳಿ ಪೇಟೆಗೆ ಹೋಗಿ, ಸ್ಟೇಷನ್ ಮುಂದೆ ಹಾದು, ಕೈಬೀಸಿಕೊಂಡು ವಾಪಸು ಬರುತ್ತಿದ್ದರು. ಯಾವ ಪಾರ್ಟಿ ಗೆದ್ದಿತು ಎಂದು ಅವರು ಒಮ್ಮೆಯೂ ಕೇಳಿದ್ದಿಲ್ಲ.

ಎರಡು ವರ್ಷದ ಕೆಳಗೆ ಅವರ ಕೈ ನಡುಗಲು ಶುರುವಾಯಿತು. ಕಾಫಿ ಲೋಟ ತುಟಿಗೆ ಬರುವಷ್ಟರಲ್ಲಿ ಅರ್ಧ ಪಂಚೆಗೆ ಹೋಗುತ್ತಿತ್ತು. ಲೈಸೆನ್ಸು ನವೀಕರಿಸಲು ಹೋದಾಗ ಆಫೀಸಿನವರು, "ಯಜಮಾನ್ರೆ, ಮನೇರ್ ಯಾರ್ದಾದ್ರೂ ಹೆಸರಿಗೆ ಮಾಡಿಸ್ಕೊಡಿ. ತಗಳೋರು ಇಲ್ಲ ಅಂದ್ರೆ ಕೋವಿ ಒಪ್ಪಿಸ್ಬುಡಿ," ಎಂದರಂತೆ. ಮಾವ ಮನೆಗೆ ಬಂದು ಮುದ್ದೆಯನ್ನು ಅರ್ಧಕ್ಕೆ ಬಿಟ್ಟು ಎದ್ದರು. ನಾನು ಮದುವೆಯಾಗಿ ಬಂದ ಮೇಲೆ ಅವರು ಮುದ್ದೆ ಬಿಟ್ಟದ್ದು ಅದೇ ಮೊದಲು.

ತೆಗೆದುಕೊಳ್ಳುವವರು ಯಾರು? ಇರುವವನು ಒಬ್ಬನೇ ಮಗ, ಅಂದರೆ ನಮ್ಮ ಯಜಮಾನರು. ಮದ್ದೂರಿನ ಕಾಲೇಜೊಂದರಲ್ಲಿ ಗುಮಾಸ್ತರು. ಒಳ್ಳೆಯವರು, ಆದರೆ ದೀಪಾವಳಿ ಬಂದರೆ ತಲೆಗೆ ಟವೆಲು ಸುತ್ತಿಕೊಂಡು ನಡುಮನೆಯಲ್ಲಿ ಕೂರುವ ಜಾತಿ. ಅವರ ಮುಖ ನೋಡಿ, ಮಾವನ ತಟ್ಟೆ ನೋಡಿ, ನನಗೆ ತಡೆಯಲಾಗಲಿಲ್ಲ.

"ಮಾವ, ನಾನ್ ತಗತೀನಿ ಬುಡಿ," ಎಂದೆ.

ಮಾವ ನಕ್ಕರು. ಆಮೇಲೆ ನಗು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ತಮಾಸೆ ಅಲ್ಲ ಕಣವ್ವ ಅದು," ಎಂದರು. ತಮಾಷೆ ಅಲ್ಲವೆಂದು ನನಗೂ ಗೊತ್ತಿತ್ತು. ಆದರೆ ಮಾತು ಆಡಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ನನಗಿಲ್ಲ.

ಹೊಸದಾಗಿ ಲೈಸೆನ್ಸು ಬೇಕೆಂದರೆ ಕೋವಿ ಬಳಸಲು ಕಲಿತ ಸರ್ಟಿಫಿಕೇಟು ಬೇಕು. ಮಂಡ್ಯದ ಹೊರಗೆ, ಪಾಳುಬಿದ್ದ ಕಲ್ಲುಕ್ವಾರಿಯ ಮಗ್ಗುಲಲ್ಲಿ, ಮಿಲಿಟರಿಯಿಂದ ಬಂದ ಮೇಷ್ಟ್ರೊಬ್ಬರು ಭಾನುವಾರ ಭಾನುವಾರ ಕಲಿಸುತ್ತಿದ್ದರು. ಅವರೂ ಈ ಕಡೆಯವರೇ. ಮೀಸೆ ಮಾತ್ರ ದಂಡಿನದು, ಮಾತು ನಮ್ಮದೇ. ಕೋವಿಯನ್ನು ನಡುವಿಗೆ ಮಡಚಿ ತೆರೆಯುವುದು, ಖಾಲಿಯೋ ಅಲ್ಲವೋ ಎಂದು ಎರಡು ಸಲ ನೋಡುವುದು, ನಳಿಗೆಯನ್ನು ಮನುಷ್ಯರ ಕಡೆ ತಿರುಗಿಸದಿರುವುದು, ಇಷ್ಟನ್ನೇ ನಾಲ್ಕು ಭಾನುವಾರ ಅರೆದು ಕುಡಿಸಿದರು. ಆಮೇಲೆ ಹಾರುವ ತಟ್ಟೆ. ಅಂಗೈಯಗಲದ, ಕೇಸರಿ ಬಣ್ಣದ ಮಣ್ಣಿನ ತಟ್ಟೆಯನ್ನು ಒಂದು ಯಂತ್ರ ಆಕಾಶಕ್ಕೆ ಬೀಸಿ ಒಗೆಯುತ್ತದೆ. ಅದು ನೆಲಕ್ಕೆ ಬೀಳುವ ಮೊದಲು ನಾವು ಹೊಡೆಯಬೇಕು.

"ಸಾರ್, ನಾನ್ ಹಂದಿ ಓಡ್ಸಕ್ ಸುಮ್ನೆ ಮ್ಯಾಕ್ ಹೊಡಿಯೋಳು. ತಟ್ಟೆ ಯಾಕೆ?" ಎಂದು ಕೇಳಿದೆ.

"ಮ್ಯಾಕ್ ಹೊಡಿಯೋರ್ಗೆ ಮ್ಯಾಲ್ ಏನ್ ಹಾರ್ತಾ ಅದೆ ಅಂತ ನೋಡೋ ಕಣ್ಣಿರ್ಬೇಕು. ಒಂದಾದ್ರೂ ಒಡೀದೆ ನಾನ್ ಸಹಿ ಹಾಕಲ್ಲ ಕಣಮ್ಮ," ಎಂದರು. ಅದು ಸರ್ಕಾರದ ಕಾನೂನಲ್ಲ, ಅವರದೇ ಕಾನೂನು. ಸರ್ಕಾರಕ್ಕಾದರೆ ಅರ್ಜಿ ಹಾಕಬಹುದು, ಆ ಮೀಸೆಗೆ ಯಾವ ಅರ್ಜಿ?

ತಟ್ಟೆ ಬೇಕೆಂದಾಗ "ಪುಲ್" ಎಂದು ಕೂಗಬೇಕಂತೆ. ನನ್ನ ಬಾಯಿಂದ ಅದು ಹೊರಡಲಿಲ್ಲ. "ಬುಡಿ ಸಾರ್!" ಎಂದು ಕೂಗಿದೆ. ಬಿಟ್ಟರು. ತಟ್ಟೆ ಸುಯ್ ಎಂದು ಹೋಯಿತು, ಎಷ್ಟು ಚೆನ್ನಾಗಿ ಹೋಯಿತೆಂದರೆ ನೋಡುತ್ತಾ ನಿಂತೆ. ಮೇಲೇರಿ, ಸ್ವಲ್ಪ ವಾಲಿ, ದೂರದ ಹುಲ್ಲಿನಲ್ಲಿ ಇಡಿಯಾಗಿ ಬಿತ್ತು. ಬಿದ್ದದ್ದು ಕಂಡದ್ದೇ ತಡ, ಕೋವಿಯನ್ನು ಬೆಂಚಿನ ಮೇಲಿಟ್ಟು, ಯಾರೂ ದಾಟಬಾರದ ಸುಣ್ಣದ ಗೆರೆ ದಾಟಿ, ಚಪ್ಪಲಿಯನ್ನೂ ಬಿಟ್ಟು ಓಡಿದೆ. ತಟ್ಟೆಯನ್ನು ಎತ್ತಿ ವೇಲಿನಲ್ಲಿ ಸುತ್ತಿ, ಎದೆಗೆ ಒತ್ತಿಕೊಂಡು ತಿರುಗಿದರೆ, ಮೇಷ್ಟ್ರು ಎರಡೂ ಕೈ ಮೇಲೆತ್ತಿ, ಕೋವಿ ಹಿಡಿದಿದ್ದ ಪಕ್ಕದ ಸಾಲಿನವರನ್ನೆಲ್ಲ ತಡೆದು ನಿಲ್ಲಿಸಿ, ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದರು.

ನಾನು ಹತ್ತಿರ ಬಂದು, "ಒಡ್ದಿಲ್ಲ ಸಾರ್, ಚೆನ್ನಾಗೇ ಅದೆ," ಎಂದೆ.

ಆ ಮನುಷ್ಯನ ಮುಖ ಬೆವೆತು ಬಿಳುಚಿಕೊಂಡಿತ್ತು. "ಸಾಯಕ್ ಬಂದಿದ್ದೀಯಾ ನೀನು? ಕೋವಿ ಮುಂದ್ಕೆ ಓಡೋರ್ನ ನನ್ ಸರ್ವೀಸಲ್ಲೇ ನೋಡಿಲ್ಲ! ಇನ್ನೊಂದ್ ಸಲ ಆ ಗೆರೆ ದಾಟುದ್ರೆ ಸರ್ಟಿಫಿಕೇಟೂ ಇಲ್ಲ, ಕೋವಿನೂ ಇಲ್ಲ. ಸ್ಟೇಷನ್‌ಗೆ ಒಪ್ಪಿಸ್ಬುಡಿ ಅಂತ ನಿಮ್ಮಾವಂಗೆ ನೀನೇ ಹೋಗಿ ಹೇಳು!"

ನಾನು ಯಾಕೆ ಓಡಿದೆ ಎಂದು ಅವರಿಗೆ ಹೇಳಿದರೆ ಇನ್ನಷ್ಟು ಬೈಯುತ್ತಾರೆಂದು ಹೇಳಲಿಲ್ಲ. ನನ್ನ ತವರು ಕೊಕ್ಕರೆ ಬೆಳ್ಳೂರು. ಕೊಕ್ಕರೆ, ಹೆಜ್ಜಾರ್ಲೆಗಳು ನಮ್ಮ ಮನೆಗಳ ತಲೆಯ ಮೇಲಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಅವು ಎನ್ನುತ್ತದೆ ನಮ್ಮೂರು. ಹಕ್ಕಿಗೆ ಕಲ್ಲೆತ್ತಿದ ಹುಡುಗನಿಗೆ ಬೀದಿಯ ಯಾರು ಬೇಕಾದರೂ ಎರಡು ಬಾರಿಸಬಹುದಿತ್ತು. ಗೂಡಿನಿಂದ ಮರಿ ಬಿದ್ದ ಸದ್ದಾದರೆ ಸಾಕು, ನಾಯಿ ಬಾಯಿ ಹಾಕುವ ಮೊದಲು ಎಲ್ಲರೂ ಓಡುತ್ತಿದ್ದೆವು. ಒಲೆಯ ಮೇಲೆ ಹಾಲಿರಲಿ, ಮಡಿಲಲ್ಲಿ ಮಗುವಿರಲಿ, ಓಟ ಮೊದಲು. ಮೇಲಿಂದ ಏನೋ ಬಿತ್ತು ಎಂದರೆ ನನ್ನ ಕಾಲು ನನ್ನನ್ನು ಕೇಳುವುದಿಲ್ಲ.

ಅವತ್ತು ಸಂಜೆ ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಕೋವಿ ಕಲಿಯುತ್ತೇನೆ ಎಂದ ದಿನದಿಂದ ಮುಖ ಊದಿಸಿಕೊಂಡಿದ್ದ ಅವ್ವ ಮೊದಲ ಸಲ ಖುಷಿಯಾದಳು.

"ಎತ್ಕಂಡ್ ಬಂದ್ಯಾ? ನಾಯಿಗೀಯಿ ಇರ್ನಿಲ್ವಾ ಅಲ್ಲಿ?"

"ಅವ್ವ, ಅದು ಮಣ್ಣಿನ ತಟ್ಟೆ ಕಣವ್ವ."

"ಏನಾರಾ ಆಗ್ಲಿ. ನಮ್ಮೂರ್ ಮಗಳು ಕಣೆ ನೀನು!"

ಬೈಯುವವರ ನಡುವೆ ಒಬ್ಬರಾದರೂ ಹೊಗಳಿದರಲ್ಲ ಎಂದು ಸಮಾಧಾನವಾಯಿತು. ಆದರೆ ಹೊಗಳಿಕೆಯಿಂದ ಸರ್ಟಿಫಿಕೇಟು ಬರುವುದಿಲ್ಲ. ಮುಂದಿನ ಭಾನುವಾರಗಳಲ್ಲಿ ಕಾಲನ್ನೇನೋ ಹಿಡಿದು ನಿಲ್ಲಿಸಿದೆ, ಈಡುಗಳು ಮಾತ್ರ ಎಲ್ಲಿಗೆ ಹೋದವೋ ದೇವರಿಗೇ ಗೊತ್ತು. ಹಿಂದಕ್ಕೆ ಒದೆಯುವ ಕೋವಿಯಿಂದ ಬಲಭುಜ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಯಜಮಾನರು ಹರಳೆಣ್ಣೆ ಬಿಸಿ ಮಾಡಿ ತಂದು, "ಇದೆಲ್ಲ ಬೇಕಾ ನಿನಗೆ?" ಎಂದು ತಿಕ್ಕುತ್ತಿದ್ದರು. "ನೀವ್ ತಗಂಡಿದ್ರೆ ನಾನ್ ತಿಕ್ತಿದ್ದೆ," ಎಂದರೆ ಅಂಗೈಗೆ ಇನ್ನೊಂದಿಷ್ಟು ಎಣ್ಣೆ ಸುರಿದುಕೊಳ್ಳುತ್ತಿದ್ದರು.

ಮಾವ ಜಗುಲಿಯಲ್ಲಿ ಕಾಯುತ್ತಿದ್ದರು. ನಾನು ಬಸ್ಸಿಳಿದು ಬಂದರೆ ಒಂದೇ ಪ್ರಶ್ನೆ.

"ಒಡೆದ್ಯಾ ಮಗ?"

"ಬರೋ ವಾರ ಮಾವ."

"ಊಂ," ಎಂದು ಅವರು ಕೋವಿಯ ಕಪಾಟಿನ ಕಡೆ ನೋಡುತ್ತಿದ್ದರು. ಅರ್ಜಿ ಕೊಡಲು ಆಫೀಸಿನವರು ಹೇಳಿದ ಗಡುವು ಹತ್ತಿರ ಬರುತ್ತಿತ್ತು. ಊಟದ ಹೊತ್ತಿನ ಶಿಕಾರಿ ಕಥೆಗಳು ಒಂದೊಂದಾಗಿ ನಿಂತವು. ಬಾಯಿ ಮಾಡಿ ಮಾತು ಕೊಟ್ಟವಳು ನಾನು, ಸೋತರೆ ಮುದ್ದೆ ಬಿಡುವವರು ಅವರು.

ಒಂದು ಭಾನುವಾರ ಮಳವಳ್ಳಿಗೆ ನೇರ ಬಸ್ಸು ಸಿಗದೆ ಮದ್ದೂರಿಗೆ ಬಂದಿಳಿದೆ. ಅಲ್ಲಿ ಬಸ್ಸು ಜನ ನಿಂತ ಕಡೆ ನಿಲ್ಲಿಸಿದರೆ ಡ್ರೈವರನ ಮರ್ಯಾದೆ ಹೋಗುತ್ತದೆ. ಹಾದು ಹೋಗಿ, ಮುಂದೆಲ್ಲೋ ನಿಲ್ಲಿಸುತ್ತಾನೆ. ಹೊಸಬರು ಬಸ್ಸಿನ ಹಿಂದೆ ಓಡಿ ಹೊಗೆ ಕುಡಿಯುತ್ತಾರೆ. ನಾನು ಬಸ್ಸನ್ನು ನೋಡುವುದೇ ಇಲ್ಲ, ಅದು ನಿಲ್ಲುವ ಜಾಗಕ್ಕೆ ಮೊದಲೇ ಹೋಗಿ ನಿಂತಿರುತ್ತೇನೆ. ಅವತ್ತೂ ಹಾಗೇ ಹೋಗಿ, ಮೊದಲು ಹತ್ತಿ, ಕಿಟಕಿ ಪಕ್ಕ ಕೂತು, ಬಿಸಿ ವಡೆ ಮುರಿದು ಬಾಯಿಗಿಟ್ಟವಳು ಅಗಿಯುವುದನ್ನು ಅಲ್ಲೇ ನಿಲ್ಲಿಸಿದೆ. ತಟ್ಟೆಯ ವಿಷಯದಲ್ಲಿ ನಾನು ಮಾಡುತ್ತಿದ್ದುದು ಹೊಗೆ ಕುಡಿಯುವ ಕೆಲಸವೇ. "ಮುಂದ್ಕ್ ಹೊಡಿ, ಮುಂದ್ಕ್ ಹೊಡಿ," ಎಂದು ಮೇಷ್ಟ್ರು ಅಷ್ಟು ವಾರ ಬಡಕೊಂಡದ್ದು ಇದನ್ನೇ. ಜೊತೆಗೆ ಇನ್ನೊಂದು ಹೊಳೆಯಿತು. ಇಡಿಯಾಗಿ ಬಿದ್ದದ್ದನ್ನು ತಾನೆ ಎತ್ತಬೇಕಾದದ್ದು? ಮೇಲೇ ಪುಡಿಯಾದರೆ ಬೀಳುವುದಕ್ಕೆ ಏನಿರುತ್ತದೆ?

ಮುಂದಿನ ಭಾನುವಾರ ಮೊದಲ ತಟ್ಟೆ ತಪ್ಪಿತು. ಎರಡನೆಯದೂ ತಪ್ಪಿತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

"ಬುಡಿ ಸಾರ್!"

ತಟ್ಟೆ ಎಡಕ್ಕೆ ಹೊರಟಿತು. ಅದನ್ನು ಬಿಟ್ಟು ಅದರ ಮುಂದಿನ ಖಾಲಿ ಜಾಗಕ್ಕೆ ಕೋವಿ ಒಯ್ದು ಒತ್ತಿದೆ. ಕೇಸರಿ ತಟ್ಟೆ ಇದ್ದ ಕಡೆ ಒಂದು ಹಿಡಿ ಧೂಳು ಹರಡಿ ನಿಂತಿತು. ಏನೂ ಬೀಳಲಿಲ್ಲ. ನನ್ನ ಕಾಲೂ ಅಲುಗಲಿಲ್ಲ. ಆ ಸಂತೋಷವನ್ನು ಹೇಗೆ ಹೇಳಲಿ, ಮೊದಲ ಸಲ ಕೆರೆಯಲ್ಲಿ ತಳ ಮುಟ್ಟದೆ ಈಜಿದಾಗ ಅಂಥದೊಂದು ಆಗಿತ್ತು. ಕೋವಿ ಮಡಚಿ, ಖಾಲಿ ಎಂದು ಎರಡು ಸಲ ನೋಡಿ, ಬೆಂಚಿನ ಮೇಲಿಟ್ಟ ಮೇಲೆಯೇ ಕುಣಿದೆ. ಮೇಷ್ಟ್ರು ಸಹಿ ಹಾಕುತ್ತಾ, "ಕುಣಿಯೋಕ್ ಮುಂಚೆ ಕೋವಿ ಮಡಗಿದ್ಯಲ್ಲ, ಅದಕ್ಕೆ ಕಣಮ್ಮ ಈ ಸಹಿ," ಎಂದರು.

ಪೊಲೀಸಿನವರು ನನ್ನ ನಡತೆ ವಿಚಾರಿಸಲು ಊರಿಗೆ ಬಂದಾಗ ಪಕ್ಕದ ಗದ್ದೆಯವರು, "ಆವಮ್ಮಂಗೆ ಬಾಯೇ ಸಾಕು ಸಾಮಿ, ಕೋವಿ ಬೇರೆ ಯಾಕೆ?" ಎಂದರಂತೆ. ಅದನ್ನು ಹೊಗಳಿಕೆ ಎಂದೇ ಬರೆದುಕೊಂಡರೋ ಏನೋ, ಕೆಲವು ತಿಂಗಳಲ್ಲಿ ಲೈಸೆನ್ಸು ನನ್ನ ಹೆಸರಿಗೆ ಬಂತು. ಮಾವ ಉಡಿದಾರದಿಂದ ಕಪಾಟಿನ ಕೀಲಿ ಬಿಚ್ಚಿ ನನ್ನ ಕೈಗಿಟ್ಟರು. ಅವತ್ತು ಎರಡು ಮುದ್ದೆ ಉಂಡು, ಅವರಪ್ಪ ಹೊಡೆದ ಹಂದಿಯನ್ನು ಎತ್ತಿನ ಗಾತ್ರ ಮಾಡಿದರು. ಲೈಸೆನ್ಸು ಯಾರದೋ ಅವರು ಮಾತ್ರ ಮುಟ್ಟಬೇಕು ಎಂದು ಆಫೀಸಿನವರು ಒತ್ತಿ ಹೇಳಿದ್ದರು. ನಾನು ಸೊಂಟಕ್ಕೆ ಕೈಯಿಟ್ಟು, "ಇನ್ಮೇಲೆ ನನ್ ಕೇಳ್ದೆ ಯಾರೂ ಮುಟ್ಟಂಗಿಲ್ಲ!" ಎಂದೆ. ಎಲ್ಲರೂ ನಕ್ಕೆವು. ಮಾವನೂ ನಕ್ಕರು.

ಅದಾದ ವಾರವೋ ಏನೋ, ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದೆ. ಅಡುಗೆಮನೆ ಬಾಗಿಲಲ್ಲಿ ಮಾವ ನಿಂತಿದ್ದರು. ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುವವರಲ್ಲ ಅವರು. ಬೇಕಾದದ್ದನ್ನು ಜಗುಲಿಯಿಂದಲೇ ಕೂಗಿ ತರಿಸಿಕೊಂಡ ಮನುಷ್ಯ. ಒಂದು ಕೈಯಲ್ಲಿ ಹಳೇ ಪಂಚೆಯ ಚೂರು, ಇನ್ನೊಂದರಲ್ಲಿ ಎಣ್ಣೆಬಟ್ಟಲು ನಡುಗುತ್ತಿತ್ತು.

"ಅವ್ವ, ಒಸಿ ಒರೆಸ್ಲಾ ಅದ್ನ?" ಎಂದು ಕೇಳಿದರು.

ಕೋವಿ ಮನೆಯಲ್ಲೇ ಉಳಿಯಲಿ ಎಂದು ತಾನೆ ಭುಜ ನೇರಳೆ ಮಾಡಿಕೊಂಡದ್ದು. ಅದು ಉಳಿಯಿತು, ಅವರದಾಗಿ ಉಳಿಯಲಿಲ್ಲ. ಅಷ್ಟು ಸರಳವಾದದ್ದು ನನಗೆ ಆ ಬಾಗಿಲಲ್ಲಿ ಅವರನ್ನು ಕಾಣುವವರೆಗೂ ಹೊಳೆದಿರಲಿಲ್ಲ.

ಕೈ ತೊಳೆದು, ಕಪಾಟು ತೆಗೆದು, ಖಾಲಿಯೆಂದು ಎರಡು ಸಲ ನೋಡಿ, ಜಗುಲಿಗೆ ತಂದು ತೊಡೆಯ ಮೇಲಿಟ್ಟುಕೊಂಡೆ. ಕೊಡಲು ಹೋದರೆ ಅವರು ತೆಗೆದುಕೊಳ್ಳಲಿಲ್ಲ.

"ನೀನೇ ಹಿಡ್ಕಂಡಿರು," ಎಂದು ಎದುರಿಗೆ ಕೂತು, ಬಟ್ಟೆಯನ್ನು ಎಣ್ಣೆಗೆ ಅದ್ದಿದರು. "ಬಟ್ಟೆ ತಾನೆ ಮುಟ್ಟಾದು, ನಾನಲ್ವಲ್ಲ."

ನಳಿಗೆಯ ಉದ್ದಕ್ಕೂ ನಿಧಾನವಾಗಿ ಒರೆಸಿದರು. ಒತ್ತಿ ಹಿಡಿದ ಬಟ್ಟೆಯ ಮೇಲೆ ಅವರ ಕೈ ನಡುಗುತ್ತಿರಲಿಲ್ಲ. ಒಳಗೆ ಕಾವಲಿಯ ಮೇಲೆ ರೊಟ್ಟಿ ಸೀದ ವಾಸನೆ ಬಂತು. ಇಬ್ಬರೂ ಏಳಲಿಲ್ಲ.